ಗಂಟಲೊಳಗಿನ ಬೀಸುಕಲ್ಲು

ಅಜ್ಜಿ ನ್ದಜಿಯೋನಾಳ ನಶ್ಯದ ಡಬ್ಬಿಯಲ್ಲಿ
ನಶ್ಯ ಮುಗಿದು ಎಷ್ಟೋ ಕಾಲ.
ಈಗ ಅದರಲ್ಲಿ ಒಂದೇ ಒಂದು ಎಲುಬು,
ಹೆಬ್ಬೆರಳ ಉಗುರಿನಷ್ಟು.
ಮೇಲೆ ಸಾಲು ಸಾಲು ಗುಂಡು ಹಲ್ಲು,
ಮುಸುಕಿನ ಜೋಳದ ತೆನೆಯನ್ನು ಯಾರೋ
ಮಂತ್ರ ಹಾಕಿ ಕುಗ್ಗಿಸಿಟ್ಟಂತೆ.

"ಇದು ಬಾಯಿಯ ಹಲ್ಲಲ್ಲ" ಎನ್ನುತ್ತಾಳೆ,
"ಗಂಟಲಿನದು. ಬಾಯಿ ಬರೀ ಬಾಗಿಲು,
ಬೀಸುಕಲ್ಲು ಒಳಮನೆಯಲ್ಲಿ."

ಮೈಮೇಲೆ ಮೂರು ಚುಕ್ಕೆಯ ಮೀನು.
ಮರಳಿನ ಮೇಲೆ ತೇಲಿ ನಿಂತು
ತಲೆ ಓರೆ ಮಾಡಿ ನೋಡುತ್ತಿತ್ತು,
ಸಾಲ ಕೊಟ್ಟವನು ಅಂಗಳದಲ್ಲಿ ನಿಂತ ಹಾಗೆ.
ಆಮೇಲೆ ಒಂದೇ ಮುಕ್ಕು,
ಮರಳೂ ಬಸವನಹುಳುವೂ ಒಟ್ಟಿಗೆ.
ಕಟುಮ್.
ಹುಡುಗಿಯಾಗಿದ್ದಾಗ ಬಂಡೆ ಹಿಡಿದು ಮುಳುಗಿ
ಆ ಸದ್ದು ಕೇಳಿದ್ದೇನೆ,
ನೀರೊಳಗೆ ಯಾರೋ ಕಡಲೆ ತಿಂದಂತೆ.
ಕಿವಿರಿನಿಂದ ಚಿಪ್ಪಿನ ಚೂರು ಉದುರುತ್ತಿತ್ತು,
ಬಿಳಿ ಬಿಳಿ.

ಸೊಳ್ಳೆಪರದೆ ಹೊಲಿದವಳು ನಾನೇ.
ಯಾಂಕೊ ಹುಟ್ಟಿದಾಗ ಆಸ್ಪತ್ರೆಯವರು ಕೊಟ್ಟದ್ದು ಒಂದು,
ಅವನ ತಂಗಿಗೆಂದು ಒಂದು,
ಅಲೆಫಾ ತನ್ನ ಮೂರನ್ನು ಸಕ್ಕರೆಗೆ ಮಾರಿದಳು.
ಎಲ್ಲ ನೀಲಿ. ಸೆರಗಿಗೆ ಸೆರಗು ಕೂಡಿಸಿ ಹೊಲಿದೆ,
ಬ್ವಾನಲಿ ಕೊಲ್ಲಿಯ ಉದ್ದಕ್ಕೂ ಎಳೆದ.
ಸೊಳ್ಳೆ ತೂರದ ಕಣ್ಣಿನಲ್ಲಿ
ಯಾವ ಮರಿ ತೂರೀತು?
ಆ ವರ್ಷ ಯಾಂಕೊಗೆ ಪುಸ್ತಕ ಬಂತು, ಬೂಟು ಬಂತು.
ಸುಳ್ಳು ಯಾಕೆ, ಸಂತೋಷವೂ ಬಂತು.

ಮೂರು ಚುಕ್ಕೆ ಎರಡಾಗಲಿಲ್ಲ, ಒಂದಾಗಲಿಲ್ಲ,
ಒಮ್ಮೆಗೇ ಕಾಣದಾಯಿತು.
ಜೊಂಡಿನ ಬುಡಕ್ಕೆ, ದೋಣಿಯ ಹೊಟ್ಟೆಗೆ,
ನಾವು ಬಟ್ಟೆ ಒಗೆಯುವ ಕಲ್ಲಿಗೆ
ಹುಳು ಹತ್ತಿತು.
ಮಲಾವಿ ಸರೋವರದ ತುಂಬ ಕಡಲೆ.
ಹಲ್ಲೆಲ್ಲ ನಮ್ಮ ಅಟ್ಟಣೆಯ ಮೇಲೆ ಒಣಗುತ್ತಿತ್ತು.

ಒಂಬತ್ತು ತುಂಬಿದ ಯಾಂಕೊ ಒಂದು ಬೆಳಿಗ್ಗೆ
ಮರಳಿನ ಮೇಲೆ ಕೆಂಪಗೆ ಉಚ್ಚೆ ಹೊಯ್ದ.
ಗೆಳೆಯರು ಚಪ್ಪಾಳೆ ತಟ್ಟಿದರು, ಗಂಡಸಾದೆ!
ಓಡಿ ಬಂದು ಹೆಮ್ಮೆಯಿಂದಲೇ ಹೇಳಿದ.
ಲಿಕೊಡ್ಜೊ, ಎಂದಳು ಅಜ್ಜಿ,
ಡಬ್ಬಿಯ ಮುಚ್ಚಳ ಒತ್ತುತ್ತ.

ಆಸ್ಪತ್ರೆಯ ಗೋಡೆಗೆ ಗೆರೆ ಎಳೆದ ಕೋಲು.
ತಕ್ಕಡಿ ಇಲ್ಲ, ಎತ್ತರ ನೋಡಿ ಮಾತ್ರೆ.
ಇವನು ಹಿಮ್ಮಡಿ ಎತ್ತಿ ನಿಂತ,
ದೊಡ್ಡವನೆನಿಸಿಕೊಳ್ಳಲು.
ನರ್ಸಮ್ಮ ಭುಜ ಒತ್ತಿ ಇಳಿಸಿದಳು.
ನಡುಹಗಲು ನೀರಿಗಿಳಿಯಬೇಡಿ, ಎಂದಳು,
ಬಿಸಿಲೇರಿದಾಗಲೇ ಅದು ಹುಳುವಿನೊಳಗಿಂದ ಹೊರಟು
ಕಾಲು ಹುಡುಕುವುದು.
ಆಗಲಿ ಎಂದೆ.
ಮನೆಯಲ್ಲಿ ಕೊಡ ಬರಿದಾಗಿತ್ತು.

ನಿನ್ನೆ, ಸೂರ್ಯ ನೆತ್ತಿಯ ಮೇಲೆ,
ಅದೇ ನೀಲಿ ಬಲೆ ಕೊಡವುವಾಗ
ಬೊಗಸೆಗೆ ಬಂತು ಒಂದು.
ಮೂರು ಚುಕ್ಕೆ. ಗದ್ದ ಊದಿತ್ತು, ಬಾಯಿ ಬಿಗಿದಿತ್ತು.
ಉಗುರಿನಿಂದ ತುಸು ಬಿಡಿಸಿ ನೋಡಿದೆ.
ಒಳಗೆ ಕಣ್ಣು. ಬರೀ ಕಣ್ಣು,
ಎಣಿಸಲಾಗದಷ್ಟು ಜೊತೆ.
ಮುಂದೆ ತೊಟ್ಟಿಲು, ಹಿಂದೆ ಬೀಸುಕಲ್ಲು,
ನಡುವೆ ನಾಲಿಗೆಯಷ್ಟು ಜಾಗ.
ವಾರಗಟ್ಟಲೆ ಉಪವಾಸ,
ಒಂದು ಮರಿಯೂ ಹಿಂದಕ್ಕೆ ಜಾರದ ಹಾಗೆ
ಹೇಗೆ ನಿದ್ದೆ ಮಾಡುತ್ತದೆ ಇದು?

ಬುಟ್ಟಿಗೆ ಹಾಕು, ಎಂದ ಬ್ವಾನಲಿ.
ಕೆಟ್ಟವನಲ್ಲ. ಸಂಜೆಯ ಲೆಕ್ಕ ಅವನದು.
ನಾನು ಬಾಯಿ ಬಿಡಲಿಲ್ಲ.

ದಡದಿಂದ ಎಸೆದರೆ ಮರಿ ಚೆಲ್ಲೀತು.
ಇಳಿದೇ ಬಿಡಬೇಕು,
ಜೊಂಡು ದಾಟಿ, ಮರಳು ಕಾಣುವಲ್ಲಿಗೆ.
ಉಟ್ಟ ಚಿತೆಂಜೆಯನ್ನು ಮಂಡಿ ಮೇಲಕ್ಕೆ ಸಿಕ್ಕಿಸಿದೆ.
"ಅಮ್ಮಾ, ನಡುಹಗಲು!"
ಯಾಂಕೊ ಕೂಗಿದ, ದಡದ ಮೇಲೆ ನೆಟ್ಟಗೆ,
ಬೆನ್ನ ಹಿಂದೆ ಇನ್ನೂ ಆ ಕೋಲು ಇದ್ದ ಹಾಗೆ.

ನೀರು ಬೆಚ್ಚಗಿತ್ತು.
ಮೀನಖಂಡಕ್ಕೆ ಏನೋ ಚುರುಕ್ ಎಂದಿತು,
ಅಥವಾ ಎನ್ನಲಿಲ್ಲ.
ಬೊಗಸೆ ಮುಳುಗಿಸಿ ಬೆರಳು ಬಿಡಿಸಿದೆ.
ಅದು ಕೂಡಲೇ ಹೋಗಲಿಲ್ಲ.
ಸ್ವಲ್ಪ ಹೊತ್ತು, ತಲೆ ಓರೆ ಮಾಡಿ,
ನನ್ನ ಪಾದ ನೋಡಿತು.